ದಿನಕ್ಕೆ ಮೂರೇ ಸಾರ್

ನಮ್ಮ ರೆಸಾರ್ಟಿನ ಗೇಟಿನ ಮೇಲೆ ‘ನೆಮ್ಮದಿಗೆ ಸ್ವಾಗತ’ ಅಂತ ದೊಡ್ಡದಾಗಿ ಬರೆಸಿದ್ದಾರೆ. ಬಂದವರು ಆ ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು, ಬ್ಯಾಗು ಇಳಿಸಿ, ನನ್ನ ಕೌಂಟರಿಗೆ ಬಂದು ಕೇಳುವ ಮೊದಲನೇ ಪ್ರಶ್ನೆ, ‘ಮೇಡಂ, ಬಾರ್ ಎಷ್ಟೊತ್ತಿಗೆ ತೆಗೀತೀರಾ?’ ಅಲ್ಲಿಂದ ಶುರುವಾದ ಚಡಪಡಿಕೆ ಅವರು ರೂಮಿನ ಕೀಲಿ ವಾಪಸ್ ಕೊಡುವ ತನಕ ನಿಲ್ಲುವುದಿಲ್ಲ. ಹೀಗಾಗಿ ನಗುವಂಥದ್ದು ಏನಾದರೊಂದು ನಡೆಯದ ವಾರವೇ ಇಲ್ಲ. ಆದರೆ ಆ ಹೊತ್ತಿಗೆ ನಗುವ ಹಾಗಿಲ್ಲ, ಯೂನಿಫಾರಂ ಹಾಕಿಕೊಂಡಿರುತ್ತೇನೆ. ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದು, ಸ್ಕೂಟರ್ ನಿಲ್ಲಿಸಿ, ಬಾಗಿಲು ಹಾಕಿಕೊಂಡ ಮೇಲೆ ನಗುತ್ತೇನೆ. ನಮ್ಮ ಮನೆಯವರು ಟಿವಿ ಸೌಂಡ್ ಕಮ್ಮಿ ಮಾಡಿ, ‘ಇವತ್ತೇನಾಯ್ತು?’ ಅನ್ನುತ್ತಾರೆ.

ನಾನು ಭದ್ರಾವತಿಯ ಹುಡುಗಿ, ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು. ನಮ್ಮ ರೆಸಾರ್ಟು ಇರುವುದು ಆನೆ ಬಿಡಾರವಿರುವ ಸಕ್ರೆಬೈಲಿನ ದಾರಿಯಲ್ಲಿ, ಹಿನ್ನೀರಿನ ಪಕ್ಕ. ರೂಮು, ಊಟ, ದೋಣಿ, ಆನೆ, ಬಾರು ಎಲ್ಲ ಸೇರಿ ಒಂದೇ ಪ್ಯಾಕೇಜು. ಮಾಲೀಕರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಹಣೆ ತುಂಬ ವಿಭೂತಿ, ಕುಡಿತ ಅಂದರೆ ಆಗದು. ಆದರೆ ಬಾರಿಲ್ಲದೆ ಪ್ಯಾಕೇಜು ಓಡದು. ಮೊದಲು ‘ಎಷ್ಟು ಬೇಕಾದರೂ ಕುಡಿಯಿರಿ’ ಅಂತಲೇ ಇತ್ತು. ಒಂದು ಗುಂಪು ಬಂದು ಲಾಬಿಯ ಸೋಫಾವನ್ನು ದೋಣಿ ಅಂದುಕೊಂಡು ಈಜುಕೊಳಕ್ಕೆ ಇಳಿಸಿ, ಅದರ ಮೇಲೆ ಕೂತು ಹುಟ್ಟು ಕೇಳಿತು. ಮಾರನೇ ದಿನ ಮಾಲೀಕರು ಹೊಸ ರೂಲ್ ಮಾಡಿದರು. ಬಾರು ಸಂಜೆ ಆರಕ್ಕೆ ತೆಗೆಯಬೇಕು, ಹತ್ತಕ್ಕೆ ಮುಚ್ಚಬೇಕು. ದೊಡ್ಡವರ ಕೈಗೆಲ್ಲ ದಿನಕ್ಕೊಂದು ಕಾಗದದ ಪಟ್ಟಿ. ಒಂದು ಗ್ಲಾಸಿಗೆ ಒಂದು ತೂತು, ಮೂರು ತೂತಾದರೆ ಮುಗಿಯಿತು. ದಿನಕ್ಕೆ ಮೂರೇ. ಅದನ್ನು ಗಿರಾಕಿಗಳಿಗೆ ನಗುನಗುತ್ತ ಹೇಳುವ ಕೆಲಸ ನನ್ನದು.

ಅಜ್ಜಿಯ ಪಟ್ಟಿ

ಹರಿಹರದ ಕಡೆಯಿಂದ ಒಂದು ದೊಡ್ಡ ಕುಟುಂಬ ಬಂತು. ಮೂವರು ಗಂಡುಮಕ್ಕಳು, ಅವರ ಹೆಂಡಿರು, ಮೊಮ್ಮಕ್ಕಳು, ಜೊತೆಗೊಬ್ಬರು ಅಜ್ಜಿ. ಅಜ್ಜಿಯನ್ನು ಲಾಬಿಯ ಕುರ್ಚಿಯಲ್ಲಿ ಕೂರಿಸಿ ಎಲ್ಲರೂ ರೂಮು ನೋಡಲು ಓಡಿದರು. ಅಜ್ಜಿ ಒಂದು ಲೋಟ ನೀರನ್ನೂ ನನ್ನ ಹತ್ತಿರವೇ ಕೇಳಿ ಕುಡಿದರು. ಅಜ್ಜಿಯೂ ದೊಡ್ಡವರೇ ಅಲ್ಲವೇ? ಅವರ ಕೈಗೂ ಒಂದು ಪಟ್ಟಿ ಕಟ್ಟಿದೆ.

ಸಂಜೆ ಏಳರ ಹೊತ್ತಿಗೆ ಗಂಡುಮಕ್ಕಳ ಮೂರು ತೂತೂ ಮುಗಿದವು. ಹೆಂಡಿರ ಪಟ್ಟಿ ಕೇಳುವ ಧೈರ್ಯವಿಲ್ಲ, ಹಿರಿಮಗನಿಗೆ ಅವ್ವನ ಪಟ್ಟಿಯ ಲೆಕ್ಕ ಹೊಳೆಯಿತು. ಪಟ್ಟಿ ಬಿಚ್ಚಲು ಬರುವುದಿಲ್ಲ, ಕೈ ಸಮೇತ ಬಾರಿನ ಹತ್ತಿರ ಬರಬೇಕು. ಹೋಗಿ ತಾಯಿಯನ್ನು ಎಬ್ಬಿಸಿದರು. ‘ಅವ್ವಾ, ಆ ಕಡೆ ಗಾಳಿ ಛಲೋ ಬರ್ತೈತಿ, ಬಾ ಕೂತ್ಕಾ.’ ಎರಡನೆಯವರು ಶಾಲು ತಂದರು. ಮೂರನೆಯವರು ನೆಲದ ಮೇಲೇ ಕೂತು ಕಾಲು ಒತ್ತತೊಡಗಿದರು. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿ, ಅವರನ್ನು ಅಲ್ಲೇ ಬಿಟ್ಟು ಮೆಲ್ಲಗೆ ನನ್ನ ಕೌಂಟರಿಗೆ ಬಂದರು.

‘ತಂಗೀ, ಮನೇಲಿ ಉಂಡ್ಯಾ ಅಂತ ಕೇಳೋ ಮಕ್ಕಳಲ್ಲ ಇವು. ಇಲ್ಲಿ ಮೂರೂ ನನ್ನ ಕೈ ಬಿಡವಲ್ವು. ಈ ಪಟ್ಟ್ಯಾಗೆ ಏನೈತಿ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದು ಹೇಳಿದೆ. ಅಜ್ಜಿ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆ ಸಂಜೆ ಬಾರಿನ ಕಡೆ ತಲೆ ಹಾಕಲಿಲ್ಲ, ಹೋಗಿ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ಹೊಸ ಪಟ್ಟಿ ಕಟ್ಟಿಸಿಕೊಂಡು ಮೂವರು ಮಕ್ಕಳನ್ನೂ ಹುಲ್ಲಿನ ಮೇಲೆ ಕೂರಿಸಿದರು. ‘ಒಂದು ತೂತು ನನ್ನನ್ನ ದೋಣ್ಯಾಗೆ ಕರ್ಕೊಂಡು ಹೋದೋನಿಗೆ. ಇನ್ನೊಂದು ಈ ಹುಡುಗರ ಜೊತಿ ಮಧ್ಯಾಹ್ನ ತನಕ ಆಡಿದೋನಿಗೆ. ಮೂರನೇದು...’ ಅಂತ ಸ್ವಲ್ಪ ತಡೆದು, ‘ನಿಮ್ಮ ತಂಗಿಗೆ ಫೋನ್ ಮಾಡಿ ಮಾತಾಡಿಸಿದೋನಿಗೆ’ ಅಂದರು. ಆಸ್ತಿ ವಿಷಯಕ್ಕೆ ಅಣ್ಣಂದಿರಿಗೂ ತಂಗಿಗೂ ಮಾತಿಲ್ಲ ಅಂತ ಸೊಸೆಯೊಬ್ಬರು ಆಮೇಲೆ ನನಗೆ ಹೇಳಿದರು.

ದೋಣಿಗೆ ಒಬ್ಬರು, ಆಟಕ್ಕೆ ಒಬ್ಬರು ಅಂತ ಹಂಚಿಕೆಯಾಗಲಿಲ್ಲ. ಮೂವರೂ ದೋಣಿ ಹತ್ತಿದರು, ಮೂವರೂ ಮಕ್ಕಳ ಜೊತೆ ಕುಂಟೋಬಿಲ್ಲೆ ಆಡಿದರು. ಆಮೇಲೆ ಮೂವರೂ ಒಬ್ಬರ ಹಿಂದೊಬ್ಬರು ಲಾಬಿಗೆ ಬಂದು ತಂಗಿಗೆ ಫೋನು ಹಚ್ಚಿದರು. ಮೂರನೇ ಅಣ್ಣನ ಫೋನು ಹೋಗುವ ಹೊತ್ತಿಗೆ ಆ ತಂಗಿ ಆ ಕಡೆಯಿಂದ ಅಳುತ್ತಿದ್ದದ್ದು ನನ್ನ ಕೌಂಟರಿನ ತನಕ ಕೇಳಿಸಿತು. ‘ಖರೇ ಹೇಳಣ್ಣಾ, ಅವ್ವಗೆ ಏನಾತು?’ ಅಜ್ಜಿಯೇ ಫೋನು ಇಸಿದುಕೊಂಡು ‘ನನಗೇನೂ ಆಗಿಲ್ಲ, ಇವರಿಗೇ ಆಗೈತಿ’ ಅಂದ ಮೇಲೆ ಅಳು ನಿಂತಿತು. ಆಮೇಲೆ ತಾಯಿ ಮಗಳು ಬಹಳ ಹೊತ್ತು ಮಾತಾಡಿದರು.

ಹೊರಡುವ ದಿನ ಎಲ್ಲರ ಪಟ್ಟಿಯನ್ನೂ ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು.

‘ಇದನ್ನ ಮನೀಗೆ ಒಯ್ತೀನವ್ವಾ.’

‘ಅಲ್ಲಿ ಇದು ನಡೆಯಲ್ಲ ಅಜ್ಜಿ.’

‘ನಡೀದಿದ್ರೆ ಬಿಡ್ಲಿ. ಕೈಯಾಗೆ ಕಂಡ್ರೆ ಸಾಕು, ಹುಡುಗರು ನಡೀತಾವೆ.’

ಎರಡು ಫೋನು

ಒಂದು ಮಧ್ಯಾಹ್ನ ಫೋನು ಬಂತು. ಗಂಡಸಿನ ದನಿ, ಬಚ್ಚಲುಮನೆಯೊಳಗಿಂದ ಮಾತಾಡುತ್ತಿರುವ ಹಾಗಿತ್ತು, ನೀರು ಸುರಿಯುವ ಸದ್ದು ಬೇರೆ.

‘ಮೇಡಂ, ಮೂರು ಅಂತ ಹಾಕಿದ್ದೀರಲ್ಲ, ಅದಕ್ಕಿಂತ ಜಾಸ್ತಿ ಆಗಲ್ವಾ?’

‘ಇಲ್ಲ ಸಾರ್, ದಿನಕ್ಕೆ ಮೂರೇ.’

‘ಏನಾದ್ರೂ ಅಡ್ಜಸ್ಟ್ ಮಾಡಿ ಮೇಡಂ. ನಾವು ಬಹಳ ದೂರದಿಂದ ಬರ್ತಿದ್ದೀವಿ.’

ಆಗಲ್ಲ ಅಂದೆ. ಫೋನಿಟ್ಟರು. ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಮತ್ತೆ ಫೋನು. ಈ ಸಲ ಹೆಂಗಸಿನ ದನಿ, ಪಿಸಪಿಸ.

‘ಮೇಡಂ, ಮೂರು ಅಂತ ಹಾಕಿದ್ದೀರಲ್ಲ, ಅದಕ್ಕಿಂತ ಕಮ್ಮಿ ಆಗಲ್ವಾ?’

ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. ಇಬ್ಬರಿಗೂ ನನ್ನ ಮೇಲೆ ಬೇಜಾರಾಯಿತು. ಸಂಸಾರದಲ್ಲಿ ಒಂದು ವಿಷಯಕ್ಕಾದರೂ ಇಬ್ಬರಿಗೂ ಒಮ್ಮತ ಬರಲಿ ಅಂತ ಸುಮ್ಮನಾದೆ.

ಲಾಬಿಯ ಗಡಿಯಾರ

ಒಂದು ಬ್ಯಾಂಕಿನ ಶಾಖೆಯವರು ಎಂಟು ಹತ್ತು ಜನ ಬಂದಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಇವರಿಗೆ ಮಾಡಲು ಕೆಲಸವಿಲ್ಲ. ಒಬ್ಬರು ಹೋಗಿ ಹಿನ್ನೀರು ನೋಡಿ ಬಂದರು, ‘ಅಲ್ಲೇ ಇದೆ’ ಅಂದರು. ಇನ್ನೊಬ್ಬರು ಈಜುಕೊಳದ ಸುತ್ತ ಪ್ರದಕ್ಷಿಣೆ ಹಾಕಿದರು. ಮ್ಯಾನೇಜರ್ ಸಾಹೇಬರು ಮಾತ್ರ ಬಾರಿನ ಬಾಗಿಲಿಗೂ ಲಾಬಿಯ ಗಡಿಯಾರಕ್ಕೂ ನಡುವೆ ಓಡಾಡುತ್ತಲೇ ಇದ್ದರು. ಬ್ಯಾಂಕಿನಲ್ಲಿ ನಾವು ಚೆಕ್ಕು ಹಿಡಿದುಕೊಂಡು ಓಡಾಡುತ್ತೇವಲ್ಲ, ಹಾಗೆಯೇ.

ನಮ್ಮ ಬಾರಿನವರು ಬಲು ಖಡಾಖಂಡಿ ಮನುಷ್ಯ. ಮೊಬೈಲಿನ ಟೈಮು ಲೆಕ್ಕಕ್ಕಿಲ್ಲ, ಮಾಲೀಕರು ತಂದು ಹಾಕಿದ ಲಾಬಿಯ ಗಡಿಯಾರವೇ ಅವರಿಗೆ ಪ್ರಮಾಣ. ನಾನು ಕಾಫಿಗೆ ಅಂತ ಎದ್ದು ಹೋದಾಗ ಬ್ಯಾಂಕಿನವರು ಕುರ್ಚಿ ಇಟ್ಟು ಹತ್ತಿ, ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದಾರೆ. ಬಾರಿನವರು ಬಂದು ನೋಡಿದರು, ಆರು. ಹೊರಗಿನ ಬಿಸಿಲು ನೋಡಿದರು, ಮತ್ತೆ ಗಡಿಯಾರ ನೋಡಿದರು, ಬಾಗಿಲು ತೆಗೆದರು. ಬ್ಯಾಂಕಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಒಳಗೆ ಹೋದರು.

ಈಗ ಬೇಗ ತೆಗೆದಿದೆಯಲ್ಲ, ಅವಸರವೇನು ಅಂತ ಅವರು ಮೊದಲನೇ ಗ್ಲಾಸನ್ನೇ ಹಾಡು ಹೇಳುತ್ತ, ಹಳೇ ಮ್ಯಾನೇಜರುಗಳ ಕಥೆ ಹೇಳುತ್ತ ಎಳೆದರು. ಎರಡನೆಯದನ್ನು ಮುಗಿಸಿ ನಡುವೆ ಎದ್ದು ಊಟಕ್ಕೆ ಹೋದರು. ಮೂರನೆಯದನ್ನು ನಿಧಾನಕ್ಕೆ ತಗೊಳ್ಳೋಣ ಅಂತ ವಾಪಸ್ ಬಂದರೆ ಬಾಗಿಲಿಗೆ ಬೀಗ.

ಮ್ಯಾನೇಜರ್ ಸಾಹೇಬರು ಕೂಗಾಡಿದರು. ‘ಏನ್ರೀ ಇದು? ಹತ್ತಕ್ಕೆ ಮುಚ್ಚೋದು ಅಂತಲ್ವಾ?’

ಬಾರಿನವರು ಗಡಿಯಾರ ತೋರಿಸಿದರು. ‘ಹತ್ತು ಹೊಡೀತಲ್ಲ ಸಾರ್.’

‘ಆ ಗಡಿಯಾರ ತಪ್ಪು ಕಣ್ರೀ! ಒಂದು ಗಂಟೆ ಮುಂದಿದೆ!’

‘ಸಂಜೆ ಸರಿ ಇತ್ತಲ್ಲ ಸಾರ್’ ಅಂತ ಹೇಳಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಬಾರಿನವರು ಊಟಕ್ಕೆ ಹೊರಟುಹೋದರು.

ಆನೆ ನೋಡಿದ್ದು

ಬೆಳಿಗ್ಗೆ ನಮ್ಮ ವ್ಯಾನಿನಲ್ಲಿ ಎಲ್ಲರನ್ನೂ ಸಕ್ರೆಬೈಲಿಗೆ ಕರೆದುಕೊಂಡು ಹೋಗುತ್ತೇವೆ. ಆನೆಗಳು ಹೊಳೆಗೆ ಇಳಿಯುತ್ತವೆ, ಮಾವುತರು ಮೈ ತಿಕ್ಕುತ್ತಾರೆ, ಮಕ್ಕಳು ಕಿರುಚುತ್ತಾರೆ. ಒಂದು ಸಲ ಜನ ಕಡಿಮೆ ಅಂತ ನಾನೂ ಜೊತೆಗೆ ಹೋಗಿದ್ದೆ. ಹಿಂದಿನ ಸಂಜೆ ನಾಲ್ಕನೆಯದಕ್ಕಾಗಿ ನನ್ನ ಹತ್ತಿರ ಜಗಳವಾಡಿ ಸೋತ ಗೃಹಸ್ಥರೊಬ್ಬರು ಒಂದು ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು. ಎದುರಿಗೇ ಒಂದು ಆನೆ ಸೊಂಡಿಲು ನೀರಿಗೆ ಇಳಿಸುವುದು, ತುಂಬಿಸುವುದು, ಬಾಯಿಗೆ ಬಿಟ್ಟುಕೊಳ್ಳುವುದು. ಮತ್ತೆ ಇಳಿಸುವುದು, ಮತ್ತೆ ತುಂಬಿಸುವುದು. ಇವರು ರೆಪ್ಪೆ ಬಡಿಯದೆ ನೋಡುತ್ತಲೇ ಇದ್ದರು. ಕಣ್ಣು ಒದ್ದೆಯಾದ ಹಾಗೂ ಕಾಣಿಸಿತು.

‘ಆನೆ ಅಂದ್ರೆ ಬಹಳ ಪ್ರೀತಿನಾ ಸಾರ್?’ ಅಂತ ಕೇಳಿದೆ.

‘ಪ್ರೀತಿ ಅಲ್ಲಮ್ಮ,’ ಅಂದರು. ‘ಅದರ ಕೈಗೆ ಯಾರೂ ಪಟ್ಟಿ ಕಟ್ಟಿಲ್ಲ ನೋಡು.’

ಔಷಧಿ

ನಮ್ಮ ವ್ಯಾನಿನ ಡ್ರೈವರು ಭದ್ರಾವತಿಯ ಸಾಬರು. ಐದು ಹೊತ್ತು ನಮಾಜು ಮಾಡುವವರು. ಬಾರಿನ ಮುಂದೆ ಹಾದು ಹೋಗಬೇಕಾದರೂ ಎದುರು ಕಡೆಯ ಕಿಟಕಿಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಯಾರ ಮನಸ್ಸನ್ನೂ ನೋಯಿಸುವವರಲ್ಲ, ಯಾರ ಮಾತಿಗೂ ಎರಡನೇ ಅರ್ಥ ಹುಡುಕುವವರೂ ಅಲ್ಲ.

ಒಂದು ಸಲ ಚುನಾವಣೆ ಬಂತು. ಮತದಾನದ ಹಿಂದಿನ ದಿನದಿಂದಲೇ ಜಿಲ್ಲೆಯಲ್ಲೆಲ್ಲ ಬಾರು, ವೈನ್ ಶಾಪು ಬಂದ್. ನಮ್ಮ ಬಾರಿಗೂ ಸೀಲು. ಅದೇ ದಿನ ಬೆಂಗಳೂರಿನಿಂದ ನಾಲ್ಕು ಜನ ಸ್ನೇಹಿತರು ಬಂದಿಳಿದರು. ವಿಷಯ ಹೇಳಿದೆ. ಕೂತರು, ಎದ್ದರು, ಮತ್ತೆ ಕೂತರು. ಕೇರಂ ಬೋರ್ಡು ಕೊಟ್ಟೆ, ಒಂದು ಆಟದ ನಡುವೆಯೇ ಎದ್ದು ಹೋದರು. ಮಾರನೇ ಬೆಳಿಗ್ಗೆ ನಾಲ್ವರ ಮುಖವೂ ಬಾಡಿದ ಬದನೆಕಾಯಿ. ಅದರಲ್ಲಿ ದಪ್ಪಗಿದ್ದವರು ಸಾಬರನ್ನು ವ್ಯಾನಿನ ಮರೆಗೆ ಕರೆದರು. ಆಮೇಲೆ ನಡೆದದ್ದನ್ನು ಅರ್ಧ ಸಾಬರು ಹೇಳಿದರು, ಇನ್ನರ್ಧ ಆ ನಾಲ್ವರೇ ಹೇಳಿಕೊಂಡರು.

‘ಸಾಬ್ರೇ, ಇಲ್ಲಿ ಔಷಧಿ ಎಲ್ಲಾದ್ರೂ ಸಿಗುತ್ತಾ? ನಿನ್ನೆಯಿಂದ ಕೈಕಾಲೇ ಆಡ್ತಿಲ್ಲ.’

ಸಾಬರು ಗಾಬರಿಯಾದರು. ‘ಯಾವ ಔಷಧಿ ಸಾರ್?’

‘ಯಾವುದಾದ್ರೂ ನಡೆಯುತ್ತೆ. ಇದು ಕಂಪನಿ ನೋಡೋ ಟೈಮಲ್ಲ.’

‘ಚೀಟಿ ಇದ್ಯಾ?’

‘ಚೀಟಿ ಇಲ್ದೆ ಆಗಲ್ವಾ?’

‘ಇವತ್ತು ರಜಾ ದಿನ, ಸ್ವಲ್ಪ ಕಷ್ಟ. ಆದ್ರೆ ಭದ್ರಾವತೀಲಿ ನಮಗೆ ಬಹುತ್ ಬೇಕಾದವ್ರು ಒಬ್ರಿದ್ದಾರೆ. ಮುಂದಿನ ಬಾಗ್ಲು ಹಾಕಿರ್ತಾರೆ, ಹಿಂದಿನ ಬಾಗ್ಲಲ್ಲಿ ಹೋಗೋಣ. ನಾನು ಹೇಳಿದ್ರೆ ಇಲ್ಲ ಅನ್ನಲ್ಲ.’

ನಾಲ್ವರೂ ಸಾಬರ ಕೈ ಹಿಡಿದುಕೊಂಡರಂತೆ. ವ್ಯಾನು ಹೊರಟಿತು. ದಾರಿಯುದ್ದಕ್ಕೂ ಹಾಡು, ಸಿಳ್ಳೆ. ರೋಗಿಗಳು ಇಷ್ಟು ಧೈರ್ಯವಾಗಿರುವುದು ನೋಡಿ ಸಾಬರಿಗೆ ಅಭಿಮಾನ ಬಂತು. ಭದ್ರಾವತಿಯಲ್ಲಿ ಹಳೇ ಬೀದಿಯ ಒಂದು ಕ್ಲಿನಿಕ್ಕಿನ ಹಿಂದೆ ವ್ಯಾನು ನಿಂತಿತು. ದಪ್ಪನೆಯವರು ಸ್ನೇಹಿತರಿಗೆ ಕಣ್ಣು ಹೊಡೆದರು. ‘ಏನ್ ತಲೆ ನೋಡ್ರೋ! ಬೋರ್ಡು ಮಾತ್ರ ಕ್ಲಿನಿಕ್ಕಿಂದು!’

ಒಳಗೆ ವಯಸ್ಸಾದ ಡಾಕ್ಟರು. ಸಾಬರ ಮುಖ ನೋಡಿ ರಜೆ ದಿನವೂ ಕೋಟು ಹಾಕಿಕೊಂಡು ಬಂದು ಕೂತಿದ್ದರು.

‘ಹೇಳಿ, ಏನ್ ತೊಂದ್ರೆ?’

‘ನಿಮಗೆ ಗೊತ್ತಿಲ್ದೆ ಇರೋದಾ ಡಾಕ್ಟ್ರೇ’ ಅಂತ ದಪ್ಪನೆಯವರು ನಕ್ಕರು.

‘ಎಷ್ಟು ದಿನದಿಂದ?’

‘ನಿನ್ನೆ ಬಂದಾಗಿಂದ.’

‘ಕುಡೀತೀರಾ?’

‘ಕೊಟ್ರೆ ಇಲ್ಲೇ ಕುಡೀತೀವಿ.’

ಡಾಕ್ಟರು ಅವರ ತೋಳಿಗೆ ಬಟ್ಟೆ ಸುತ್ತಿ ಬಿಪಿ ನೋಡಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ನೋಡಿದರು. ಆಮೇಲೆ ಉಳಿದ ಮೂವರನ್ನೂ ಸಾಲಾಗಿ ಕೂರಿಸಿದರು. ನಾಲ್ವರಲ್ಲಿ ಮೂವರಿಗೆ ಬಿಪಿ ಮೇಲೆ ಹತ್ತಿ ಕೂತಿತ್ತು. ಒಂದು ಗಂಟೆ ಕೂರಿಸಿ ಬುದ್ಧಿ ಹೇಳಿದರು, ಮಾತ್ರೆ ಬರೆದುಕೊಟ್ಟರು, ಉಪ್ಪಿನಕಾಯಿ ಬಿಡಿ ಅಂದರು, ಕುಡಿತದ ಹೆಸರೂ ಎತ್ತಬೇಡಿ ಅಂದರು. ವ್ಯಾನು ವಾಪಸ್ ಬರುವಾಗ ಹಾಡಿಲ್ಲ, ಸಿಳ್ಳೆಯಿಲ್ಲ.

ಸಾಬರು ಮಾತ್ರ ಖುಷಿಯಲ್ಲಿ ನನ್ನ ಕೌಂಟರಿಗೆ ಬಂದರು. ‘ಮೇಡಂ, ಟೈಮಿಗೆ ಸರಿಯಾಗಿ ಕರ್ಕೊಂಡು ಹೋದೆ. ಆದ್ರೆ ಒಂದು ಮಾತು. ಆ ನಾಲ್ಕನೇ ಸಾರ್‌ಗೆ ಏನೂ ಇಲ್ಲ ಅಂತ ಹೇಳಿ ಡಾಕ್ಟ್ರು ಕಳಿಸಿಬಿಟ್ರು. ಪಾಪ, ಅವ್ರೇ ಎಲ್ಲರಿಗಿಂತ ಜಾಸ್ತಿ ಅಳ್ತಾ ಇದ್ರು.’

ತೋಟದ ಕೆಲಸ

ಹೊರಗಿನಿಂದ ಬಾಟಲಿ ತರುವಂತಿಲ್ಲ, ಗೇಟಿನಲ್ಲೇ ಬ್ಯಾಗು ನೋಡುತ್ತಾರೆ. ಇಬ್ಬರು ಭಾವಮೈದುನರು ಇದಕ್ಕೊಂದು ಉಪಾಯ ಮಾಡಿದ್ದರು. ಬರುವಾಗ ಕಾಂಪೌಂಡಿನ ಹೊರಗಿನಿಂದ ಎರಡು ಬಾಟಲಿಗಳನ್ನು ಒಳಗಿನ ಹುಲ್ಲಿಗೆ ಇಳಿಸಿ, ಗೇಟಿನಲ್ಲಿ ಖಾಲಿ ಬ್ಯಾಗು ತೋರಿಸಿ ಬಂದು, ಬಾಟಲಿಗಳನ್ನು ದಾಸವಾಳದ ಗಿಡವೊಂದರ ಬುಡದಲ್ಲಿ ಹೂತಿಟ್ಟರು. ಗುರುತಿಗೆ ಕೆಂಪು ದಾಸವಾಳ. ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಅದೇ ಮಧ್ಯಾಹ್ನ ನಮ್ಮ ತೋಟದ ಮಾಲಿ ಕೆಂಪು ದಾಸವಾಳವನ್ನೆಲ್ಲ ಕಿತ್ತು ಬೇರೆ ಕಡೆ ನೆಟ್ಟು, ಆ ಜಾಗಕ್ಕೆ ಹಳದಿಯದನ್ನು ತಂದಿದ್ದ.

ಬೆಳಗಿನ ವಾಕಿಂಗಿಗೆ ಬಂದ ಮಾಲೀಕರು ನೋಡುತ್ತಾರೆ, ಇಬ್ಬರು ಗೌರವಸ್ಥರು ಕುಕ್ಕರಗಾಲಿನಲ್ಲಿ ಕೂತು ಊಟದ ಚಮಚದಲ್ಲಿ ಕೆಂಪು ದಾಸವಾಳದ ಬುಡಗಳನ್ನು ಒಂದೊಂದಾಗಿ ಕೆದಕುತ್ತಿದ್ದಾರೆ.

‘ಏನ್ ಮಾಡ್ತಿದ್ದೀರಿ ಸ್ವಾಮಿ?’

ಬೆಚ್ಚಿಬಿದ್ದ ಒಬ್ಬರ ಬಾಯಲ್ಲಿ ಬಂದದ್ದು, ‘ತೋಟದ ಕೆಲಸ ಅಂದ್ರೆ ನಮಗೆ ಪ್ರಾಣ ಸಾರ್.’

ಮಾಲೀಕರಿಗೆ ಹೂವಿನ ಗಿಡ ಅಂದರೆ ಹುಚ್ಚು. ಇಷ್ಟು ವರ್ಷಕ್ಕೆ ಬಾರಿನ ಕಡೆ ನೋಡದೆ ಗಿಡದ ಕಡೆ ನೋಡಿದ ಗಿರಾಕಿಯನ್ನು ಅವರು ಕಂಡಿದ್ದು ಅದೇ ಮೊದಲು. ಇಬ್ಬರನ್ನೂ ತಬ್ಬಿಕೊಂಡರು. ‘ಚಮಚದಲ್ಲಿ ಯಾಕೆ ಸ್ವಾಮಿ ಕಷ್ಟಪಡ್ತೀರಿ?’ ಅಂತ ಹಾರೆ, ಗುದ್ದಲಿ ತರಿಸಿದರು. ಹಿಂದಿನ ದಿನವಷ್ಟೇ ಬಂದಿದ್ದ ಒಂದು ಟ್ರ್ಯಾಕ್ಟರ್ ಸಸಿಯನ್ನು ಮುಂದೆ ಇಳಿಸಿದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಾವೇ ಕೂತರು. ಹೇಗೆ ಏಳುವುದು? ಭಾವಮೈದುನರು ಮಧ್ಯಾಹ್ನದ ತನಕ ಗುಂಡಿ ತೋಡಿದರು. ಪ್ರತಿ ಗುಂಡಿಯಲ್ಲೂ ಆಸೆಯಿಂದ ಇಣುಕಿ ನೋಡಿ, ನಿಟ್ಟುಸಿರು ಬಿಟ್ಟು, ಸಸಿ ಇಟ್ಟು ಮಣ್ಣು ಮುಚ್ಚಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದರಿಂದ ಸಂಜೆ ಅವರಿಗೆ ಗ್ಲಾಸು ಹಿಡಿಯುವುದಕ್ಕೂ ಆಗಲಿಲ್ಲ.

ಅವರು ಹೋದ ಮೇಲೆ ಮಾಲಿಯನ್ನು ಕರೆದು ಕೇಳಿದೆ, ‘ಗಿಡ ಕೀಳುವಾಗ ನಿನಗೇನಾದ್ರೂ ಸಿಕ್ತಾ ಮಾರಾಯ?’

‘ಇಲ್ಲಪ್ಪ! ಏನೂ ಸಿಗಲಿಲ್ಲ ಮೇಡಂ’ ಅಂತ ಆಕಾಶ ನೋಡಿದ. ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿ ಬಂದ. ‘ಆ ಸಾರ್‌ಗಳು ಇನ್ನೊಂದ್ಸಲ ಯಾವಾಗ ಬರ್ತಾರಂತೆ?’

ಪರದೆ

ಇದಿಷ್ಟೂ ಒಂದು ತೂಕ. ನಮ್ಮ ಮಾಲೀಕರ ಮಗಳ ಸಂಬಂಧದ ಕಥೆಯೇ ಒಂದು ತೂಕ.

ಚಿತ್ರದುರ್ಗದ ಕಡೆಯ ಒಳ್ಳೆಯ ಮನೆತನ. ಹುಡುಗ ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ದೊಡ್ಡವರು ಬಂದು ಮಾತು ಮುಗಿಸುವುದೊಂದು ಬಾಕಿ. ಹುಡುಗನ ಅಜ್ಜಿ ಬಹಳ ಮಡಿವಂತರು, ಆ ಮನೆಯಲ್ಲಿ ಅವರ ಮಾತೇ ಕೊನೆ ಅಂತ ಕೇಳಿದ್ದ ಮಾಲೀಕರು, ತಮ್ಮದೊಂದು ‘ಹೋಟೆಲು’ ಇದೆ ಅಂತಷ್ಟೇ ಹೇಳಿದ್ದರು. ಬಾರಿನ ಸುದ್ದಿ ಎತ್ತಿರಲಿಲ್ಲ. ಮನೆಗೆ ಬಣ್ಣ ಹೊಡೆಸುತ್ತಿದ್ದರಿಂದ ಬೀಗರನ್ನು ರೆಸಾರ್ಟಿಗೇ ಕರೆಯಬೇಕಾಯಿತು. ಆ ದಿನ ಬೇರೆ ಗಿರಾಕಿಗಳನ್ನು ತೆಗೆದುಕೊಳ್ಳಲಿಲ್ಲ.

ಬೀಗರು ಬರುವುದಕ್ಕೆ ಒಂದು ಗಂಟೆ ಮುಂಚೆ ಮಾಲೀಕರು ಒಳಗೆ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು. ಹಾಲಿನ ನಡುವೆಯೇ ಬಾರು, ಅದರ ಬಾಗಿಲೂ ಗಾಜಿನದೇ. ಗೋಡೆಯುದ್ದಕ್ಕೂ ಗಾಜಿನ ಬೀರು, ಬೀರು ತುಂಬ ಬಾಟಲಿ. ಬೀಗದ ಕೈ ಬಾರಿನವರ ಹತ್ತಿರ. ಬಾರಿನವರು ಊರಿಗೆ ಹೋಗಿದ್ದಾರೆ, ಬಸ್ಸಿನಲ್ಲಿದ್ದಾರೆ, ಫೋನು ಸಿಗುತ್ತಿಲ್ಲ.

‘ಏನಾದ್ರೂ ಮಾಡು ಮಾರಾಯ್ತಿ, ನನ್ನ ಮಗಳ ಬಾಳು ನಿನ್ನ ಕೈಲಿದೆ’ ಅಂದರು.

ಪಾರ್ಟಿಗಳಿಗೆ ಹಾಕುವ ಸ್ಟೇಜಿನ ಕೆಂಪು ವೆಲ್ವೆಟ್ ಪರದೆ ತಂದು ಬಾರಿಗೆ ಅಡ್ಡ ಕಟ್ಟಿಸಿದೆ. ಬರೀ ಪರದೆ ಬೋಳಾಗಿ ಕಂಡಿತು ಅಂತ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟೆ. ಬೀಗರನ್ನು ಬರಮಾಡಿಕೊಳ್ಳಲು ತಂದಿದ್ದ ದೊಡ್ಡ ದೀಪದ ಕಂಬಗಳಿಗೆ ಬೇರೆಲ್ಲೂ ಜಾಗವಿರಲಿಲ್ಲ, ಅವೂ ಎರಡು ಕಡೆ ನಿಂತವು.

ಬೀಗರು ಬಂದರು. ಹುಡುಗನ ಅಪ್ಪ ದೊಡ್ಡ ಮೀಸೆಯವರು, ಆದರೆ ತಾಯಿಯ ಮುಂದೆ ಮೂರನೇ ಕ್ಲಾಸಿನ ಹುಡುಗನ ಹಾಗೆ ಕೂತಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಮಾತುಕತೆ ಚೆನ್ನಾಗಿಯೇ ನಡೆಯುತ್ತಿತ್ತು. ಸಂಜೆಯಾಗುತ್ತ ಬಂದ ಹಾಗೆ ಮೀಸೆಯವರು ಮಾತ್ರ ಒಂದು ಕಡೆ ಕೂರಲಾರರು. ಎದ್ದು ಕಿಟಕಿ ನೋಡಿದರು, ಕೂತರು, ಗಡಿಯಾರ ನೋಡಿದರು, ಮತ್ತೆ ಎದ್ದರು. ನೀರು ಕೊಡುವ ನೆಪದಲ್ಲಿ ಹತ್ತಿರ ಹೋದಾಗ, ‘ಇಲ್ಲಿ ಬರೀ ಊಟ ತಿಂಡಿ ಮಾತ್ರಾನಮ್ಮ?’ ಅಂತ ಮೆಲ್ಲಗೆ ಕೇಳಿದರು. ‘ಹೌದು ಸಾರ್’ ಅಂದೆ. ಅವರ ಮೀಸೆ ಎರಡು ಕಡೆಯೂ ಜೋತುಬಿತ್ತು.

ಅಷ್ಟರಲ್ಲಿ ಅಜ್ಜಿಯ ಕಣ್ಣು ಪರದೆಯ ಮೇಲೆ ಬಿತ್ತು. ಹೂವು ನೋಡಿದರು, ದೀಪ ನೋಡಿದರು, ಕೂತಲ್ಲೇ ಕೈ ಮುಗಿದರು.

‘ಒಳಗಡೆ ಯಾವ ದೇವ್ರು?’

ಮಾಲೀಕರು ಕಾಫಿ ಲೋಟ ಕೆಳಗಿಟ್ಟರು. ‘ಅದು... ಮನೆ ದೇವ್ರು.’

‘ಹೋಟೆಲಲ್ಲೂ ಮನೆ ದೇವ್ರನ್ನ ಇಟ್ಕೊಂಡಿದ್ದೀರಲ್ಲ! ಇಂಥ ಮನೆ ಎಲ್ಲಿ ಸಿಗುತ್ತೆ?’ ಅಜ್ಜಿಗೆ ಸಂತೋಷವೋ ಸಂತೋಷ. ‘ಪರದೆ ತೆಗೆಸಿ, ದರ್ಶನ ಮಾಡ್ತೀನಿ. ಆಮೇಲೆ ಎಲೆ ಅಡಿಕೆ ಬದಲಾಯಿಸೋಣ.’

ಮಾಲೀಕರು ನನ್ನ ಮುಖ ನೋಡಿದರು. ನನಗೂ ತಲೆ ಓಡಲಿಲ್ಲ. ದಿನಾ ಹೇಳಿ ಹೇಳಿ ರೂಢಿಯಾಗಿದ್ದ ಮಾತೇ ಬಾಯಿಗೆ ಬಂದುಬಿಟ್ಟಿತು. ‘ಆರು ಗಂಟೆಗೆ ತೆಗೀತಾರೆ ಅಜ್ಜಿ.’

‘ಆಗಲಿ, ಕಾಯ್ತೀನಿ’ ಅಂತ ಅಜ್ಜಿ ಪರದೆಯ ಎದುರಿಗೇ ಚಾಪೆ ಹಾಕಿಸಿಕೊಂಡು ಕೂತರು. ಮಗನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. ಸೊಸೆ, ಮೊಮ್ಮಗ, ಅವರ ಹಿಂದೆ ನಮ್ಮ ಮಾಲೀಕರು, ಅವರ ಹೆಂಡತಿ, ಮಗಳು, ಎಲ್ಲರೂ ಸಾಲಾಗಿ ಕೂರಬೇಕಾಯಿತು. ಅಜ್ಜಿ ಭಜನೆ ಶುರು ಮಾಡಿದರು. ಮಾಲೀಕರು ಚಪ್ಪಾಳೆ ತಟ್ಟುತ್ತ ಬೆವರು ಒರೆಸಿಕೊಳ್ಳುತ್ತಿದ್ದರು. ಆರರೊಳಗೆ ಅಜ್ಜಿಯನ್ನು ಊಟಕ್ಕೆ ಎಬ್ಬಿಸಿಬಿಡಬೇಕು ಅಂತ ನಾನು ಅಡುಗೆಮನೆಗೆ ಓಡಿದೆ.

ಪಾಯಸದ ಪಾತ್ರೆ ಹಿಡಿದು ವಾಪಸ್ ಬರುತ್ತೇನೆ, ಮುಂಬಾಗಿಲಲ್ಲಿ ಬಾರಿನವರು! ಬಸ್ಸಿಳಿದು ನೇರವಾಗಿ ಬಂದಿದ್ದಾರೆ. ಊರಲ್ಲಿ ದೇವರ ಕಾರ್ಯ ಮುಗಿಸಿ ಬಂದವರು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಬೀಗದ ಕೈ ಗೊಂಚಲು. ನಾನು ಪಾತ್ರೆ ಹಿಡಿದುಕೊಂಡೇ ಬೇಡ ಬೇಡ ಅಂತ ತಲೆ ಅಲ್ಲಾಡಿಸಿದೆ. ನಾನು ಚೆನ್ನಾಗಿದ್ದೀರಾ ಅಂತ ಕೇಳುತ್ತಿದ್ದೇನೆ ಅಂದುಕೊಂಡು ಅವರೂ ತಲೆ ಅಲ್ಲಾಡಿಸಿ ನಕ್ಕರು.

ಅಜ್ಜಿ ತಿರುಗಿ ನೋಡಿ ಭಜನೆ ನಿಲ್ಲಿಸಿದರು. ‘ಬಂದ್ರಾ ಸ್ವಾಮಿ? ಬೇಗ ತೆಗೀರಿ, ಆಗಿಂದ ಕಾಯ್ತಾ ಕೂತಿದ್ದೀವಿ.’

ಬಾರಿನವರಿಗೆ ಇದೇನೂ ಹೊಸದಲ್ಲ. ಅವರಿಗೆ ದಿನಾ ಸಂಜೆ ಸಿಗುವ ಸ್ವಾಗತವೇ ಅದು. ವಯಸ್ಸು ಸ್ವಲ್ಪ ಜಾಸ್ತಿ ಅನ್ನಿಸಿರಬೇಕು, ಅಷ್ಟೇ. ‘ಬಂದೆ ಅಜ್ಜಿ, ಬಂದೆ. ಎಲ್ಲರಿಗೂ ಸಿಗುತ್ತೆ, ಅವಸರ ಮಾಡಬೇಡಿ’ ಅಂತ ಹೇಳಿ, ನೇರ ಮುಂದೆ ಹೋಗಿ, ಒಂದೇ ಎಳೆತಕ್ಕೆ ಪರದೆ ಸರಿಸಿ, ಅಭ್ಯಾಸ ಬಲದಿಂದ ಸ್ವಿಚ್ಚು ಹಾಕಿದರು.

ನೀಲಿ ಲೈಟು ಹೊತ್ತಿಕೊಂಡಿತು. ಮೂರು ಸಾಲು ಬಾಟಲಿಗಳೂ ಒಟ್ಟಿಗೆ ಝಗ್ಗನೆ ಹೊಳೆದವು.

ಮಾಲೀಕರು ಕಣ್ಣು ಮುಚ್ಚಿಬಿಟ್ಟಿದ್ದರು. ಅವರ ಮಗಳು ಅಮ್ಮನ ಸೆರಗು ಹಿಡಿದುಕೊಂಡಿದ್ದಳು. ನಾನು ಪಾಯಸದ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಮುಗಿಯಿತು, ಸಂಬಂಧವೂ ಮುಗಿಯಿತು, ನನ್ನ ಕೆಲಸವೂ ಮುಗಿಯಿತು ಅಂದುಕೊಂಡೆ.

ಅಜ್ಜಿ ಬಾಟಲಿಗಳನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದರು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಪಕ್ಕದಲ್ಲಿದ್ದ ಮಗನನ್ನು ನೋಡಿದರು. ಮೀಸೆಯವರು ಎರಡೂ ಕೈ ಮುಗಿದುಕೊಂಡು, ಬಾಯಿ ತೆರೆದುಕೊಂಡು, ಮುಖವೆಲ್ಲ ಬೆಳಕಾಗಿ, ಲೋಕವನ್ನೇ ಮರೆತು ಕೂತಿದ್ದರು. ಮಧ್ಯಾಹ್ನದಿಂದ ಇದ್ದ ಚಡಪಡಿಕೆ ಒಂದು ಚೂರೂ ಇರಲಿಲ್ಲ.

ಅಜ್ಜಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ನಮ್ಮ ಮನೆ ದೇವ್ರೂ ಇದೇ ಕಣ್ರೀ’ ಅಂದರು. ‘ಆದ್ರೂ ಸಂಬಂಧಕ್ಕೇನೂ ಅಡ್ಡಿಯಿಲ್ಲ.’